ನಗಿಸಿದವನ ಋಣ

ಅಳಿಸಬಲ್ಲ ಕವಿಗೆ ಲೋಕವು ಎದ್ದು ನಿಂತು ಕೈಮುಗಿಯುತ್ತದೆ; ನಗಿಸಬಲ್ಲವನಿಗೆ ಕುಳಿತಲ್ಲಿಂದಲೇ ಚಪ್ಪಾಳೆ ತಟ್ಟಿ, ಮನೆಯ ಬಾಗಿಲು ಮುಟ್ಟುವಷ್ಟರಲ್ಲಿ ಅವನನ್ನು ಮರೆತುಬಿಡುತ್ತದೆ. ಇದು ಎಲ್ಲ ದೇಶಗಳ ರೀತಿ. ಭರತಮುನಿಯಾದರೋ ಹೀಗೆ ಪಕ್ಷಪಾತ ಮಾಡಿದವನಲ್ಲ. ಎಂಟು ರಸಗಳ ಪಂಕ್ತಿಯಲ್ಲಿ ಹಾಸ್ಯವನ್ನು ಶೃಂಗಾರದ ಮಗ್ಗುಲಿಗೇ ಕುಳ್ಳಿರಿಸಿ, ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ತೆರನಾಗಿ ವಿಂಗಡಿಸಿ, ಹಲ್ಲು ಕಾಣದಂತೆ ನಗುವವರಾರು, ಕಣ್ಣಲ್ಲಿ ನೀರಾಡುವಂತೆ ನಗುವವರಾರು ಎಂಬುದನ್ನು ಕೂಡ ಹೇಳಿಟ್ಟಿದ್ದಾನೆ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಮಕ್ಕಳಿಗೆ ಸಂಸ್ಕೃತವನ್ನು ಬೋಧಿಸಿ ಈಗ ವಿಶ್ರಾಂತರಾಗಿರುವ ನಾವು, ಇಂಗ್ಲಿಷ್ ರಂಗಭೂಮಿಯ ನಗೆಗಾರನೊಬ್ಬನ ವಿಷಯವನ್ನು ಎತ್ತಿಕೊಂಡುದಕ್ಕೆ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ರಸಕ್ಕೆ ಜಾತಿಯಿಲ್ಲ, ಸೀಮೆಯಿಲ್ಲ ಎಂಬುದೇ ನಮ್ಮ ಸಮಾಧಾನ.

ಆತನ ಹೆಸರು ರಿಚರ್ಡ್ ಬ್ರಿನ್ಸ್‌ಲಿ ಶೆರಿಡನ್. ಹುಟ್ಟಿದ್ದು 1751ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ಬೆಳಗಿದ್ದು ಮೂರನೆಯ ಜಾರ್ಜ್ ದೊರೆಯು ಆಳುತ್ತಿದ್ದ ಕಾಲದ ಲಂಡನ್ನಿನಲ್ಲಿ. ತಂದೆ ಥಾಮಸ್ ಶೆರಿಡನ್ ನಟನೂ ನಾಟಕಶಾಲೆಯ ಯಜಮಾನನೂ ಆಗಿದ್ದವನು. ಮುಂದೆ ಜನರಿಗೆ ಶುದ್ಧವಾದ ಉಚ್ಚಾರಣೆಯನ್ನು ಕಲಿಸುವುದನ್ನೇ ವ್ರತವಾಗಿ ಹಿಡಿದು, 1780ರಲ್ಲಿ ಉಚ್ಚಾರಣೆಯನ್ನು ತೋರಿಸುವ ನಿಘಂಟೊಂದನ್ನು ಪ್ರಕಟಿಸಿದನು. ತಾಯಿ ಫ್ರಾನ್ಸಿಸ್ ಶೆರಿಡನ್ ಕಾದಂಬರಿಗಳನ್ನೂ ನಾಟಕಗಳನ್ನೂ ಬರೆದ ವಿದುಷಿ. ಮಗನನ್ನು ಹ್ಯಾರೋ ಪಾಠಶಾಲೆಯಲ್ಲಿ ಬಿಟ್ಟು ತಾಯಿತಂದೆಗಳು ಸಾಲಗಾರರ ಕಾಟದಿಂದ ಫ್ರಾನ್ಸ್ ದೇಶಕ್ಕೆ ಹೋಗಬೇಕಾಯಿತು. 1766ರಲ್ಲಿ ತಾಯಿ ಅಲ್ಲಿಯೇ ತೀರಿಕೊಂಡಳು. ಇನ್ನೂ ಹದಿನೈದು ತುಂಬದ ಹುಡುಗನಿಗೆ ಆ ಸುದ್ದಿ ಶಾಲೆಯಲ್ಲಿ ತಿಳಿಯಿತು. ಲೋಕವನ್ನು ನಗಿಸಿದವರ ಬಾಲ್ಯವನ್ನು ಕೆದಕಿದರೆ ಇಂತಹ ಕಣ್ಣೀರು ಆಗಾಗ ಸಿಕ್ಕುವುದುಂಟು.

1770ರಲ್ಲಿ ಸಂಸಾರವು ಬಾತ್ ನಗರಕ್ಕೆ ಬಂದು ನೆಲಸಿತು. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಆ ಊರಿಗೆ ರೋಗಿಗಳಿಗಿಂತ ಹೆಚ್ಚಾಗಿ ಹೊತ್ತು ಹೋಗದ ಶ್ರೀಮಂತರು ಬರುತ್ತಿದ್ದರು. ಮದುವೆಯ ಮಾತುಕತೆ, ಸಾಲದ ಗುಟ್ಟು, ಯಾರು ಯಾರ ಸಂಗಡ ಕುಣಿದರೆಂಬ ವಾರ್ತೆ, ಇವೇ ಅಲ್ಲಿನ ನಿತ್ಯಾಹ್ನಿಕ. ಅಲ್ಲಿ ಎಲಿಜಬೆತ್ ಲಿನ್ಲಿ ಎಂಬ ಗಾಯಕಿ ಇದ್ದಳು. ಆಕೆಯ ಕಂಠಕ್ಕೂ ರೂಪಕ್ಕೂ ಮಾರುಹೋಗದವರಿಲ್ಲ. ಮ್ಯಾಥ್ಯೂಸ್ ಎಂಬ ವಿವಾಹಿತನ ಪೀಡೆಯಿಂದ ತಪ್ಪಿಸಿಕೊಳ್ಳಲು ಆಕೆ 1772ರಲ್ಲಿ ಶೆರಿಡನ್ನನ ಬೆಂಗಾವಲಿನಲ್ಲಿ ಫ್ರಾನ್ಸಿಗೆ ಹೊರಟುಹೋದಳು. ಹಿಂದಿರುಗಿದ ಮೇಲೆ ಶೆರಿಡನ್ನನು ಆ ಮ್ಯಾಥ್ಯೂಸನೊಡನೆ ಎರಡು ಬಾರಿ ದ್ವಂದ್ವಯುದ್ಧ ಮಾಡಿ, ಎರಡನೆಯ ಸಲ ಪ್ರಾಣಾಪಾಯದ ಗಾಯಗಳಿಂದ ಉಳಿದುಕೊಂಡನು. 1773ರಲ್ಲಿ ಇಬ್ಬರಿಗೂ ವಿಧಿವತ್ತಾಗಿ ವಿವಾಹವಾಯಿತು. ಮದುವೆಯಾದೊಡನೆ ಹೆಂಡತಿಯು ಹಣಕ್ಕಾಗಿ ಸಭೆಗಳಲ್ಲಿ ಹಾಡಕೂಡದೆಂದು ಆತನು ಹಟ ಹಿಡಿದನು. ಅಭಿಮಾನವೇನೋ ಉಳಿಯಿತು, ಬೊಕ್ಕಸ ಬರಿದಾಯಿತು. ಆಗ ನಾಟಕ ಬರೆಯಲು ಕುಳಿತನು.

ಆತನ ಮೊದಲ ನಾಟಕ ‘ದಿ ರೈವಲ್ಸ್’, ಎಂದರೆ ಪ್ರತಿಸ್ಪರ್ಧಿಗಳು, 1775ನೆಯ ಜನವರಿ 17ರ ರಾತ್ರಿ ಕಾವೆಂಟ್ ಗಾರ್ಡನ್ ನಾಟಕಶಾಲೆಯಲ್ಲಿ ರಂಗವನ್ನೇರಿ ಬಿದ್ದುಹೋಯಿತು. ನಾಟಕ ಅತಿ ದೀರ್ಘವೆಂದರು. ಐರಿಷ್ ಗೃಹಸ್ಥನ ಪಾತ್ರವು ಆ ದೇಶಕ್ಕೇ ಅವಮಾನವೆಂದರು. ಆ ಪಾತ್ರವನ್ನು ವಹಿಸಿದ ನಟನ ಮೇಲೆ ಹಣ್ಣೊಂದು ತೂರಿಬಂದಿತು. ಇಪ್ಪತ್ತಮೂರರ ಯುವಕನು ಪ್ರೇಕ್ಷಕರನ್ನು ಬೈದು ಮನೆಯಲ್ಲಿ ಕುಳಿತಿದ್ದರೆ ಇಂದು ಆತನ ಹೆಸರು ಯಾರಿಗೂ ಗೊತ್ತಿರುತ್ತಿರಲಿಲ್ಲ. ಆತನು ನಾಟಕವನ್ನು ಹಿಂದಕ್ಕೆ ತೆಗೆದುಕೊಂಡು, ಉದ್ದವಾದುದನ್ನು ಕತ್ತರಿಸಿ, ಮೊನಚಾಗದುದನ್ನು ಮಸೆದು, ನಟನನ್ನು ಬದಲಾಯಿಸಿ, ಹನ್ನೊಂದು ದಿನಗಳಲ್ಲಿ, ಅಂದರೆ ಅದೇ ತಿಂಗಳು 28ರಂದು, ಪುನಃ ಆಡಿಸಿದನು. ಜನ ಬಿದ್ದು ಬಿದ್ದು ನಕ್ಕರು. ಬರೆದದ್ದನ್ನು ತಿದ್ದಲು ಹೇಳಿದರೆ ಮುಖ ಊದಿಸಿಕೊಳ್ಳುತ್ತಿದ್ದ ವಿದ್ಯಾರ್ಥಿಗಳಿಗೆ ನಾವು ಎಷ್ಟೋ ಬಾರಿ ಈ ಹನ್ನೊಂದು ದಿನಗಳ ಕಥೆಯನ್ನು ಹೇಳಿದ್ದೇವೆ.

ಕಥೆಯ ಬೀಜವೇ ನಗೆಯದು. ಲಿಡಿಯಾ ಎಂಬ ಧನವಂತೆ ಕನ್ಯೆಗೆ ಕಾದಂಬರಿಗಳ ಹುಚ್ಚು. ಬಡವನೊಬ್ಬನನ್ನು ಪ್ರೀತಿಸಿ, ರಾತ್ರಿ ಕಿಟಕಿಯಿಂದಿಳಿದು ಓಡಿಹೋಗಿ ಮದುವೆಯಾಗಬೇಕೆಂಬುದು ಅವಳ ಸಂಕಲ್ಪ. ಸಿರಿವಂತನಾದ ಸರ್ ಆಂಟನಿಯ ಮಗ ಕ್ಯಾಪ್ಟನ್ ಜ್ಯಾಕ್ ಇದನ್ನರಿತು ಬೆವರ್ಲಿ ಎಂಬ ಬಡ ಸೈನಿಕನ ವೇಷ ಹಾಕಿ ಅವಳನ್ನು ಒಲಿಸಿಕೊಳ್ಳುತ್ತಾನೆ. ಇತ್ತ ತಂದೆಯು ಅದೇ ಕನ್ಯೆಯನ್ನು ಅದೇ ಮಗನಿಗೆ ನಿಶ್ಚಯ ಮಾಡುತ್ತಾನೆ. ಹೀಗಾಗಿ ಮಗನು ತನಗೆ ತಾನೇ ಪ್ರತಿಸ್ಪರ್ಧಿಯಾಗಬೇಕಾಗುತ್ತದೆ. ಗುಟ್ಟು ಒಡೆದಾಗ ಲಿಡಿಯಾಳಿಗೆ ಬಂದ ದುಃಖವು ವಂಚನೆಯದಲ್ಲ. ಹಿರಿಯರೆಲ್ಲ ಒಪ್ಪಿ ಆಶೀರ್ವದಿಸುವ ನೀರಸವಾದ ಮದುವೆ ತನ್ನ ಪಾಲಿಗೆ ಬಂದಿತಲ್ಲಾ ಎಂಬುದು. ಸ್ವತಃ ಊರು ಬಿಟ್ಟು ಓಡಿದ, ಖಡ್ಗದ ಪೆಟ್ಟು ತಿಂದ ಮನುಷ್ಯನು ಮೂರೇ ವರ್ಷಗಳಲ್ಲಿ ಆ ಸಾಹಸಗಳನ್ನೇ ಹೀಗೆ ನಗೆಗೆ ವಸ್ತು ಮಾಡಿಕೊಂಡನೆಂಬುದು ಸಾಮಾನ್ಯವಲ್ಲ.

ಈ ನಾಟಕದಲ್ಲಿ ಲಿಡಿಯಾಳ ಅತ್ತೆ ಮಿಸೆಸ್ ಮಾಲಪ್ರಾಪ್ ಎಂಬಾಕೆ ಇದ್ದಾಳೆ. ದೊಡ್ಡ ದೊಡ್ಡ ಶಬ್ದಗಳಿಲ್ಲದೆ ಆಕೆ ಮಾತಾಡಳು. ಆಡಿದ ದೊಡ್ಡ ಶಬ್ದಗಳಲ್ಲಿ ಒಂದೂ ಸರಿಯಾಗಿರದು. ನೈಲ್ ನದಿಯ ಮೊಸಳೆಯನ್ನು ಹೇಳಲು ಹೋಗಿ, ಅಲಿಗೇಟರ್ ಎನ್ನುವಲ್ಲಿ ಅಲೆಗರಿ ಎಂದು ಅಲಂಕಾರದ ಹೆಸರನ್ನು ಹೇಳಿಬಿಡುತ್ತಾಳೆ. ಇಂತಹ ಪ್ರಮಾದಕ್ಕೆ ಇಂಗ್ಲಿಷಿನಲ್ಲಿ ‘ಮಾಲಪ್ರಾಪಿಸಂ’ ಎಂಬ ಶಬ್ದವೇ ನಿಂತುಹೋಯಿತು. ತಾಯಿಯು ಅಪೂರ್ಣವಾಗಿ ಬಿಟ್ಟುಹೋದ ನಾಟಕವೊಂದರಲ್ಲಿ ಇಂತಹ ಹೆಂಗಸಿನ ಮೊಳಕೆ ಇದೆ. ಆದುದರಿಂದ ಇದು ತಾಯಿಯ ಆಸ್ತಿ. ಮಗನು ಅದನ್ನು ನೂರ್ಮಡಿ ಬೆಳೆಸಿದನು. ತಂದೆ ಇಂಗ್ಲಿಷರ ನಾಲಿಗೆಯನ್ನು ತಿದ್ದಲು ನಿಘಂಟನ್ನು ಬರೆದರೆ, ಅದಕ್ಕೆ ಐದು ವರ್ಷ ಮೊದಲೇ ಮಗನು ತಪ್ಪು ನಾಲಿಗೆಯನ್ನು ಅಮರವಾಗಿಸಿದ್ದನು. ಸಂಸ್ಕೃತ ಬಲ್ಲ ವಾಚಕರಿಗೆ ಇಲ್ಲಿ ಮೃಚ್ಛಕಟಿಕದ ಶಕಾರನ ನೆನಪು ಬಾರದೆ ಇರದು. ದ್ರೌಪದಿಯನ್ನು ರಾಮನಿಗೆ ಹೆದರಿಸಿ, ಕುಂತಿಯನ್ನು ರಾವಣನ ಕೈಗೆ ಕೊಡುವ ಆ ಮಹಾಪಂಡಿತನು ಮಾಲಪ್ರಾಪಳಿಗೆ ಬಹು ಶತಮಾನಗಳಷ್ಟು ಹಿರಿಯ ಅಣ್ಣನೇ ಸರಿ.

ಇಲ್ಲೊಂದು ಮಾತನ್ನು ನಾವು ಹೇಳಲೇಬೇಕು. ನಾವು ಕೆಲಸದಿಂದ ನಿವೃತ್ತರಾದ ದಿನ ನಡೆದ ಬೀಳ್ಕೊಡುಗೆಯ ಸಭೆಯಲ್ಲಿ ಹಿರಿಯರೊಬ್ಬರು ಎದ್ದು, ಗದ್ಗದಕಂಠದಿಂದ, ನಮಗೆ ‘ಭಾವಪೂರ್ಣ ಶ್ರದ್ಧಾಂಜಲಿ’ಯನ್ನು ಅರ್ಪಿಸಿದರು. ಸಭೆ ಸ್ತಬ್ಧವಾಯಿತು. ಹಿಂದಿನ ಸಾಲಿನ ಹುಡುಗರು ಕರವಸ್ತ್ರಗಳನ್ನು ಬಾಯಿಗೆ ತುರುಕಿಕೊಂಡರು. ನಮ್ಮ ಮನೆಯವರು ಗಾಬರಿಯಿಂದ ತಾಳಿಯನ್ನು ಕಣ್ಣಿಗೊತ್ತಿಕೊಂಡರು. ನಾವು ಮಾತ್ರ ವ್ಯಾಕರಣವನ್ನು ಆಶ್ರಯಿಸಿದೆವು. ಶ್ರದ್ಧೆಯಿಂದ ಕೂಡಿದ ಅಂಜಲಿಯೇ ಶ್ರದ್ಧಾಂಜಲಿ; ಯೋಗಾರ್ಥವನ್ನು ಹಿಡಿದರೆ ಆ ಪ್ರಯೋಗದಲ್ಲಿ ದೋಷವೇ ಇಲ್ಲ, ರೂಢ್ಯರ್ಥದಲ್ಲಿ ಮಾತ್ರ ನಾವು ಅಂದು ಗತಿಸಿದ್ದೆವು. ಉತ್ತರ ಹೇಳಲು ಎದ್ದಾಗ ಈ ಮಾತನ್ನೇ ಆಡಿ ನಾವೇ ಮೊದಲು ನಕ್ಕೆವು. ಸಭೆಯೂ ನಕ್ಕಿತು, ಆ ಹಿರಿಯರೂ ನಕ್ಕು ನಮ್ಮನ್ನು ತಬ್ಬಿಕೊಂಡರು.

ಅಂದು ರಾತ್ರಿ ನಮಗೆ ಮಾಲಪ್ರಾಪಳ ನೆನಪಾಗಿ, ಇಬ್ಬರಿಗೂ ಇರುವ ವ್ಯತ್ಯಾಸವೇನೆಂದು ಯೋಚಿಸಿದೆವು. ನಮ್ಮ ಹಿರಿಯರು ಪ್ರೀತಿಯನ್ನು ತೋರಿಸಲು ಹೋಗಿ ಶಬ್ದವನ್ನು ತಪ್ಪಿದರು. ಮಾಲಪ್ರಾಪಳು ಪಾಂಡಿತ್ಯವನ್ನು ತೋರಿಸಲು ಹೋಗಿ ತಪ್ಪುತ್ತಾಳೆ, ಮೇಲಾಗಿ ಇನ್ನೊಬ್ಬರ ಓದನ್ನು ಹೀಯಾಳಿಸುತ್ತಾಳೆ. ಶೆರಿಡನ್ನನು ನಗುವುದು ಅಜ್ಞಾನವನ್ನು ಕಂಡಲ್ಲ, ಅಜ್ಞಾನವು ಹೊದ್ದ ಶಾಲನ್ನು ಕಂಡು. ಅರಿಯದವನನ್ನು ಕಂಡು ನಗುವುದು ಕ್ರೌರ್ಯ. ಅರಿತವನಂತೆ ನಟಿಸುವವನನ್ನು ಕಂಡು ನಗುವುದು ಆರೋಗ್ಯ. ಮಕ್ಕಳಿರುವ ಪ್ರತಿಯೊಂದು ಮನೆಯಲ್ಲಿಯೂ ಈ ಗೆರೆಯನ್ನು ಎಳೆದು ತೋರಿಸುವುದು ಅವಶ್ಯ. ತೊದಲುವ ತಮ್ಮನನ್ನು ಅಣಕಿಸುವ ಅಣ್ಣನಿಗೆ, ತಪ್ಪು ಇಂಗ್ಲಿಷ್ ಆಡುವ ಅಜ್ಜಿಯನ್ನು ನೋಡಿ ಮುಸಿಮುಸಿ ನಗುವ ಮೊಮ್ಮಗಳಿಗೆ, ನಗೆಯಲ್ಲಿಯೂ ಧರ್ಮಾಧರ್ಮಗಳುಂಟು ಎಂಬುದನ್ನು ಹಿರಿಯರಲ್ಲದೆ ಮತ್ತಾರು ಹೇಳಬೇಕು?

ಶೆರಿಡನ್ನನ ಪರಮೋತ್ತಮ ಕೃತಿ ‘ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್’, ಅಪವಾದದ ಪಾಠಶಾಲೆ. ಅಷ್ಟರಲ್ಲಿ ಆತನು ಮಹಾನಟ ಗ್ಯಾರಿಕ್ಕನು ನಿವೃತ್ತನಾದಾಗ, 1776ರಲ್ಲಿ, ಇತರರೊಡನೆ ಕೂಡಿ ಡ್ರೂರಿ ಲೇನ್ ನಾಟಕಶಾಲೆಯ ಪಾಲನ್ನು ಕೊಂಡು ಅದರ ಆಡಳಿತವನ್ನು ವಹಿಸಿಕೊಂಡಿದ್ದನು. 1777ನೆಯ ಮೇ 8ರಂದು ಈ ನಾಟಕ ಅಲ್ಲಿ ಪ್ರಥಮವಾಗಿ ಆಡಲ್ಪಟ್ಟಿತು. ಲೇಡಿ ಸ್ನೀರ್‌ವೆಲ್ ಎಂಬವಳ ಮನೆಯಲ್ಲಿ ನಾಲ್ಕು ಜನ ಸೇರಿ, ಬಟ್ಟಲುಗಳ ಸದ್ದಿನ ನಡುವೆ ಊರಿನವರ ಮಾನವನ್ನು ನಯವಾಗಿ ಹರಿದು ಹಂಚುತ್ತಾರೆ. ಅವರಲ್ಲಿ ಒಬ್ಬರೂ ಕೂಗಾಡುವುದಿಲ್ಲ. ಎಲ್ಲರೂ ‘ಪಾಪ’ ಎಂದೇ ಆರಂಭಿಸುತ್ತಾರೆ. ಮಡಕೆಯ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾಗದು ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಭಾಷ್ಯ ಬೇರೊಂದಿಲ್ಲ. ನಮ್ಮ ಕಾಲದಲ್ಲಿ ಈ ಪಾಠಶಾಲೆಯು ಕಟ್ಟೆಯಿಂದಲೂ ಹಜಾರದಿಂದಲೂ ಎದ್ದು ಮೊಬೈಲಿನೊಳಕ್ಕೆ ವಾಸವನ್ನು ಬದಲಾಯಿಸಿದೆಯಷ್ಟೆ; ಪಠ್ಯಕ್ರಮದಲ್ಲಿ ಏನೂ ವ್ಯತ್ಯಾಸವಿಲ್ಲ.

ನಾಟಕದಲ್ಲಿ ಇಬ್ಬರು ಅಣ್ಣತಮ್ಮಂದಿರು. ಅಣ್ಣ ಜೋಸೆಫನ ಬಾಯಲ್ಲಿ ಸದಾ ನೀತಿವಾಕ್ಯ, ಮನಸ್ಸಿನಲ್ಲಿ ಪರರ ಹೆಂಡತಿ. ತಮ್ಮ ಚಾರ್ಲ್ಸ್ ಸಾಲಗಾರ, ದುಂದುಗಾರ, ಆದರೆ ಹೃದಯವಂತ. ಅವರ ಚಿಕ್ಕಪ್ಪ ಸರ್ ಆಲಿವರ್ ಬಹುಕಾಲ ಭಾರತದ ಕಡೆ ಇದ್ದು, ಹೇರಳವಾದ ಹಣದೊಡನೆ ಹಿಂದಿರುಗಿ, ಯಾರಿಗೆ ಆಸ್ತಿ ಕೊಡಬೇಕೆಂದು ವೇಷ ಮರೆಸಿ ಪರೀಕ್ಷಿಸುತ್ತಾನೆ. ಬಡ್ಡಿಸಾಲ ಕೊಡುವವನ ವೇಷದಲ್ಲಿ ತಮ್ಮನಲ್ಲಿಗೆ ಹೋದರೆ, ಅವನು ವಂಶದ ಹಿರಿಯರ ಚಿತ್ರಪಟಗಳನ್ನೇ, ವಂಶಾವಳಿಯ ಸುರುಳಿಯನ್ನೇ ಸುತ್ತಿಗೆಯಾಗಿ ಹಿಡಿದು, ಹರಾಜು ಹಾಕುತ್ತಾನೆ. ಒಂದು ಪಟವನ್ನು ಮಾತ್ರ ಎಷ್ಟು ಹಣಕ್ಕೂ ಕೊಡನು. ತನಗೆ ಉಪಕಾರ ಮಾಡಿದ ಚಿಕ್ಕಪ್ಪನ ಪಟ ಅದು. ಬಡ ನೆಂಟನ ವೇಷದಲ್ಲಿ ಅಣ್ಣನ ಬಳಿಗೆ ಹೋದರೆ, ಅವನು ಚಿಕ್ಕಪ್ಪ ಕಳುಹಿಸಿದ ಸಾವಿರಾರು ಪೌಂಡುಗಳನ್ನು ನುಂಗಿ, ಚಹಾ, ಶಾಲು, ಪುಟ್ಟ ಹಕ್ಕಿಗಳು, ಪಟಾಕಿಗಳ ಹೊರತು ಏನೂ ಬರಲಿಲ್ಲವೆನ್ನುತ್ತಾನೆ. ಆ ಹಕ್ಕಿಗಳಿಗೆ ಅಲ್ಲಿ ‘ಅವದವತ್’ ಎಂದು ಹೆಸರು. ಅದು ನಮ್ಮ ಅಹಮದಾಬಾದ್ ಎಂಬ ಊರಿನ ಹೆಸರಿನ ಅಪಭ್ರಂಶ!

ಈ ನಾಟಕದ ಪರದೆಯ ದೃಶ್ಯವು ಜಗತ್ಪ್ರಸಿದ್ಧ. ಮುದುಕ ಸರ್ ಪೀಟರನ ಎಳೆಯ ಹೆಂಡತಿ ಲೇಡಿ ಟೀಜಲ್ ಜೋಸೆಫನ ಕೋಣೆಯಲ್ಲಿರುವಾಗ ಗಂಡನೇ ಬರುತ್ತಾನೆ. ಅವಳು ಪರದೆಯ ಹಿಂದೆ ಅಡಗುತ್ತಾಳೆ. ಜಗಳಗಂಟನೆಂದು ಅವಳು ಎಣಿಸಿದ್ದ ಆ ಗಂಡ, ಅವಳಿಗಾಗಿ ತಾನು ಮಾಡಿಟ್ಟ ಆಸ್ತಿಯ ಏರ್ಪಾಡನ್ನು ಮೆಲುದನಿಯಲ್ಲಿ ಸ್ನೇಹಿತನಿಗೆ ಹೇಳುತ್ತಾನೆ. ಪರದೆಯ ಹಿಂದೆ ನಿಂತವಳ ಕಿವಿಗೆ ಅದು ಬೀಳುತ್ತದೆ. ಅನಂತರ ಚಾರ್ಲ್ಸ್ ಬಂದು ಪರದೆಯನ್ನು ಕೆಡವುತ್ತಾನೆ. ಜೋಸೆಫನು ಸುಳ್ಳಿನ ಮೇಲೆ ಸುಳ್ಳನ್ನು ಪೇರಿಸಿ ಅವಳ ಕಡೆ ನೋಡಿದರೆ, ಆಕೆ ಅವನಿಗೆ ಒತ್ತಾಸೆಯಾಗಿ ನಿಲ್ಲದೆ ನಿಜವನ್ನೇ ನುಡಿಯುತ್ತಾಳೆ. ಆ ಪ್ರಥಮ ರಾತ್ರಿ ನಾಟಕಶಾಲೆಯ ಪಕ್ಕದಲ್ಲಿ ಹೋಗುತ್ತಿದ್ದ ಫ್ರೆಡರಿಕ್ ರೆನಾಲ್ಡ್ಸ್ ಎಂಬ ಬಾಲಕನು, ಪರದೆ ಬಿದ್ದಾಗ ಎದ್ದ ನಗೆಯ ಭೋರ್ಗರೆತವನ್ನು ಕೇಳಿ, ಕಟ್ಟಡವೇ ಕುಸಿಯಿತೆಂದು ಓಡಿದನಂತೆ. ಮುಂದೆ ತಾನೇ ನಾಟಕಕಾರನಾದ ಮೇಲೆ ಅವನು ಇದನ್ನು ಬರೆದಿಟ್ಟಿದ್ದಾನೆ. ನಮಗಾದರೋ ಆ ದೃಶ್ಯದಲ್ಲಿ ನಗುವಿಗಿಂತ ಹೆಚ್ಚಿನದೊಂದು ಕಾಣುತ್ತದೆ. ಗಂಡಹೆಂಡಿರು ಮುಖಾಮುಖಿಯಾಗಿ ಆಡದ ಎಷ್ಟೋ ಒಳ್ಳೆಯ ಮಾತುಗಳು ಪರದೆಯ ಹಿಂದಿನಿಂದ ಕೇಳಿಬರಬೇಕಾಗುವುದು ಸಂಸಾರದ ದೊಡ್ಡ ವಿಪರ್ಯಾಸ.

1779ರಲ್ಲಿ ಬಂದ ‘ದಿ ಕ್ರಿಟಿಕ್’ ನಾಟಕವು ನಾಟಕಗಳನ್ನೇ ನಗುವ ನಾಟಕ. ಪಫ್ ಎಂಬವನು ತಾನು ಬರೆದ ವೀರನಾಟಕದ ಅಭ್ಯಾಸವನ್ನು ಸ್ನೇಹಿತರಿಗೆ ತೋರಿಸುತ್ತಾನೆ. ಅದರಲ್ಲಿ ಬರ್ಲಿ ಎಂಬ ಮಂತ್ರಿ ಬಂದು, ಒಂದು ಮಾತೂ ಆಡದೆ, ತಲೆಯನ್ನೊಮ್ಮೆ ಅಲ್ಲಾಡಿಸಿ ಹೊರಟುಹೋಗುತ್ತಾನೆ. ಆ ತಲೆಯಾಟದ ಅರ್ಥವನ್ನು ಪಫ್ಫನು ದೀರ್ಘವಾಗಿ ವಿವರಿಸುತ್ತಾನೆ; ರಾಜನೀತಿಯ ಸಮಸ್ತವೂ ಅದರಲ್ಲಿ ಅಡಗಿದೆಯಂತೆ. ಧ್ವನಿಸಿದ್ಧಾಂತವನ್ನು ಓದಿದ ನಮಗೆ, ಇಲ್ಲದ ವ್ಯಂಗ್ಯಾರ್ಥವನ್ನು ಬಗೆದು ತೆಗೆಯುವ ವ್ಯಾಖ್ಯಾನಕಾರರು ಅನೇಕರು ಕಣ್ಮುಂದೆ ಬಂದರು. ಅವರ ಹೆಸರುಗಳು ಇಲ್ಲಿ ಅಪ್ರಸ್ತುತ.

ಇಷ್ಟಕ್ಕೆ ಆತನ ಹಾಸ್ಯದ ಖಜಾನೆ ಬಹುಮಟ್ಟಿಗೆ ಮುಗಿಯಿತು. ಆಗ ಆತನಿಗೆ ಇಪ್ಪತ್ತೆಂಟು ವರ್ಷ ವಯಸ್ಸು. ಮುಂದೆ ಮೂವತ್ತೇಳು ವರ್ಷ ಬಾಳಿದರೂ ಇಂತಹ ನಾಟಕವನ್ನು ಮತ್ತೆ ಬರೆಯಲಿಲ್ಲ. 1780ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದನು. ನಾಟಕವು ಅನ್ನಕ್ಕಾಗಿ ಮಾಡಿದ ಕೆಲಸ, ರಾಜಕಾರ್ಯವೇ ತನ್ನ ನಿಜವಾದ ಜೀವಿತ ಎಂದು ಆತನು ಭಾವಿಸಿದ್ದನು. ಆ ಭಾವನೆ ನಿರಾಧಾರವೆಂದು ಯಾರೂ ಹೇಳುವಂತಿಲ್ಲ. ಅಯೋಧ್ಯಾ ಪ್ರಾಂತದ ನವಾಬನ ತಾಯಿಯೂ ಅಜ್ಜಿಯೂ ಆಗಿದ್ದ ಬೇಗಮರ ಧನವನ್ನು, 1782ರಲ್ಲಿ, ಫೈಜಾಬಾದಿನಲ್ಲಿ ಅವರ ಅಧಿಕಾರಿಗಳನ್ನು ಸೆರೆಯಲ್ಲಿಟ್ಟು ಹಿಂಸಿಸಿ ಕಸಿದುಕೊಂಡ ಪ್ರಕರಣದಲ್ಲಿ ವಾರನ್ ಹೇಸ್ಟಿಂಗ್ಸನ ಮೇಲೆ ದೋಷಾರೋಪ ಬಂದಾಗ, 1787ನೆಯ ಫೆಬ್ರವರಿ 7ರಂದು ಶೆರಿಡನ್ನನು ಐದು ಗಂಟೆಗಳಿಗೂ ಮೀರಿ ಮಾತಾಡಿದನು. ಸಭೆಯ ಸಂಪ್ರದಾಯವನ್ನು ಮರೆತು ಸದಸ್ಯರು ಚಪ್ಪಾಳೆ ತಟ್ಟಿದರು. ಆ ಆವೇಶದಲ್ಲಿ ತೀರ್ಮಾನ ಮಾಡುವುದು ತರವಲ್ಲವೆಂದು ಸಭೆಯನ್ನೇ ಮುಂದಕ್ಕೆ ಹಾಕಬೇಕಾಯಿತು. ಮರುವರ್ಷ ವೆಸ್ಟ್‌ಮಿನ್‌ಸ್ಟರ್ ಭವನದಲ್ಲಿ ವಿಚಾರಣೆ ನಡೆದಾಗ ಅದೇ ವಿಷಯವಾಗಿ ನಾಲ್ಕು ದಿನ ಮಾತಾಡಿದನು. ಪ್ರವೇಶಪತ್ರಗಳು ಐವತ್ತು ಗಿನಿಗಳವರೆಗೆ ಮಾರಾಟವಾದವೆಂದು ಹೇಳಿಕೆ. ಹತ್ತು ವರ್ಷಗಳ ಹಿಂದೆ ಸರ್ ಆಲಿವರನ ಭಾರತದ ಹಣವನ್ನು ರಂಗದ ಮೇಲೆ ನಗುನಗುತ್ತ ಹಂಚಿದವನೇ, ಅಂತಹ ಹಣ ಎಲ್ಲಿಂದ ಹೇಗೆ ಬರುತ್ತದೆಂಬುದನ್ನು ಲೋಕದೆದುರು ಬಿಚ್ಚಿ ಹೇಳಿದನು. ದೂರದೇಶದ ಇಬ್ಬರು ಅಂತಃಪುರಸ್ತ್ರೀಯರ ಮಾನಕ್ಕಾಗಿ ಆತನು ಆಡಿದ ಮಾತನ್ನು ನಾವು ಮರೆಯಲಾಗದು. ಆದರೆ 1795ರಲ್ಲಿ ಹೇಸ್ಟಿಂಗ್ಸನು ನಿರ್ದೋಷಿಯೆಂದು ಬಿಡುಗಡೆಯಾದನು. ಆ ಮೊದಲ ಭಾಷಣದ ಪೂರ್ಣವಾದ ಪಾಠವು ಉಳಿಯಲೂ ಇಲ್ಲ.

ಉಳಿದ ಕಥೆ ದುಃಖದ್ದು. 1792ರಲ್ಲಿ ಹೆಂಡತಿ ಕ್ಷಯರೋಗದಿಂದ ತೀರಿಕೊಂಡಳು. ಹಳೆಯ ಡ್ರೂರಿ ಲೇನನ್ನು ಕೆಡವಿ 1794ರಲ್ಲಿ ಮೂರು ಸಾವಿರದ ಆರು ನೂರಕ್ಕೂ ಹೆಚ್ಚು ಜನ ಹಿಡಿಯುವ ಹೊಸ ನಾಟಕಶಾಲೆಯನ್ನು ಕಟ್ಟಿಸಿದನು. ಬೆಂಕಿ ಬೀಳದಂತೆ ಕಬ್ಬಿಣದ ಪರದೆಯನ್ನೂ ಮೇಲೆ ನೀರಿನ ತೊಟ್ಟಿಯನ್ನೂ ಇಡಿಸಿದನು. 1809ನೆಯ ಫೆಬ್ರವರಿ 24ರ ರಾತ್ರಿ ಅದು ಸುಟ್ಟು ಬೂದಿಯಾಯಿತು. ಎದುರಿನ ಕಾಫಿಶಾಲೆಯಲ್ಲಿ ಕುಳಿತು ಪಾನಮಾಡುತ್ತ ಉರಿಯನ್ನು ನೋಡುತ್ತಿದ್ದವನ ಧೈರ್ಯಕ್ಕೆ ಯಾರೋ ಬೆರಗಾದಾಗ, ಮನುಷ್ಯನು ತನ್ನ ಮನೆಯ ಒಲೆಯ ಮುಂದೆ ಕುಳಿತು ಒಂದು ಬಟ್ಟಲು ಕುಡಿಯಬಾರದೇ ಎಂದು ಕೇಳಿದನಂತೆ. ಸರ್ವಸ್ವವೂ ಉರಿಯುವಾಗ ಬಂದ ಆ ನಗೆಯನ್ನು ಭರತನ ಆರು ಬಗೆಗಳಲ್ಲಿ ಯಾವುದಕ್ಕೆ ಸೇರಿಸಬೇಕೋ ನಮಗೆ ತಿಳಿಯದು. 1812ರಲ್ಲಿ ಪಾರ್ಲಿಮೆಂಟಿನ ಸ್ಥಾನ ಹೋಯಿತು. ಅದರೊಡನೆ ಸಾಲಗಾರರಿಂದ ಇದ್ದ ರಕ್ಷಣೆಯೂ ಹೋಯಿತು. 1816ನೆಯ ಜುಲೈ 7ರಂದು ಸಾಲದವರ ನಡುವೆಯೇ ಪ್ರಾಣ ಬಿಟ್ಟನು. ಶವವನ್ನು ಮಾತ್ರ ವೆಸ್ಟ್‌ಮಿನ್‌ಸ್ಟರ್ ದೇವಾಲಯಕ್ಕೆ ಮಹಾ ವೈಭವದಿಂದ ಒಯ್ದರು. ರಾಜಕಾರಣಿ ಫಾಕ್ಸನ ಸಮೀಪ ಮಲಗಬೇಕೆಂಬುದು ಆತನ ಆಸೆಯಾಗಿದ್ದಿತು. ದೊರೆತದ್ದು ಕವಿಗಳ ಮೂಲೆಯಲ್ಲಿ, ನಟ ಗ್ಯಾರಿಕ್ಕನ ಸಮೀಪದಲ್ಲಿ.

ಕಾಲದ ತೀರ್ಪೂ ಅದೇ ಆಯಿತು. 1784ರಲ್ಲಿಯೇ ಸ್ಟೀವನ್‌ಟನ್ ಹಳ್ಳಿಯ ಪಾದ್ರಿಯ ಮನೆಯಲ್ಲಿ ಮಕ್ಕಳು ‘ರೈವಲ್ಸ್’ ಆಡಿದರು. ಆ ಮನೆಯ ಎಂಟು ವರ್ಷದ ಹುಡುಗಿ ಜೇನ್ ಆಸ್ಟಿನ್. ಲಾರೆನ್ಸ್ ಒಲಿವಿಯೆ 1945ರಲ್ಲಿ ಒಂದೇ ರಾತ್ರಿ ಗ್ರೀಕರ ಈಡಿಪಸ್ ದೊರೆಯಾಗಿ ಕಣ್ಣು ಕಳೆದುಕೊಂಡು, ಸ್ವಲ್ಪ ವಿರಾಮದ ನಂತರ ‘ಕ್ರಿಟಿಕ್’ನ ಪಫ್ಫನಾಗಿ ನಗಿಸಿದನು. ರಷ್ಯದ ಪ್ರೊಕೊಫಿಯೆಫ್ ಶೆರಿಡನ್ನನ ‘ಡ್ಯುಯೆನ್ನಾ’ವನ್ನು ಗೀತನಾಟಕವಾಗಿಸಿದನು. 2022ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಕ್ಯಾಪ್ಟನ್ ಜ್ಯಾಕನು 1940ರ ಯುದ್ಧವಿಮಾನದ ಚಾಲಕನಾಗಿ ಹೊಸ ಅವತಾರವೆತ್ತಿದನು. 2024ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಯವರು ಅಪವಾದದ ಪಾಠಶಾಲೆಯನ್ನು ಮತ್ತೆ ತೆರೆದರು. ಅವಸರದಲ್ಲಿ, ಹಣಕ್ಕಾಗಿ, ಇಪ್ಪತ್ತೆಂಟರೊಳಗೆ ಬರೆದುದು ಉಳಿಯಿತು. ಬಾಳನ್ನೇ ತೆತ್ತು ಮಾಡಿದುದು ಇತಿಹಾಸದ ಪುಟದೊಳಗೆ ಸೇರಿತು.

ನಿವೃತ್ತನಾದ ಮನುಷ್ಯನಿಗೆ ಇದು ಬರಿಯ ಸಾಹಿತ್ಯವಾರ್ತೆಯಲ್ಲ. ನಾವು ಮೂರು ದಶಕ ಶಬ್ದರೂಪ ಧಾತುರೂಪಗಳನ್ನು ಪರಮಪುರುಷಾರ್ಥವೆಂದು ಗಿಣಿಪಾಠ ಮಾಡಿಸಿದೆವು. ಈಗ ದಾರಿಯಲ್ಲಿ ಸಿಕ್ಕುವ ಹಳೆಯ ಶಿಷ್ಯರು, ಬೆಳೆದು ದೊಡ್ಡವರಾಗಿ ಸಂಸಾರವಂತರಾದವರು, ಕಾಲಿಗೆರಗಿ ಹೇಳುವುದು ವಿಭಕ್ತಿಯ ಮಾತನ್ನಲ್ಲ. ಶನಿವಾರದ ಕಡೆಯ ಗಂಟೆಯಲ್ಲಿ, ಪಾಠ ಮುಗಿದು ಹೊತ್ತು ಉಳಿದಾಗ, ಶಕಾರನ ಮಾತುಗಳನ್ನು ನಾವು ಅಭಿನಯಿಸಿ ತೋರಿಸಿದುದನ್ನು. ಮೊದಮೊದಲು ಇದನ್ನು ಕೇಳಿ ನಮಗೆ ಕೊಂಚ ಖೇದವಾಗುತ್ತಿದ್ದಿತು. ಈಗ ಶೆರಿಡನ್ನನ ಸಮಾಧಿಯ ಸ್ಥಳವನ್ನು ನೆನೆದು ಸಮಾಧಾನ ತಂದುಕೊಂಡಿದ್ದೇವೆ. ನಮ್ಮ ಕೆಲಸದಲ್ಲಿ ಯಾವುದು ಮುಖ್ಯ, ಯಾವುದು ಗೌಣ ಎಂದು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಅದು ನಮ್ಮ ನಂತರದವರದು. ಮಾಡುವಾಗ ಎರಡನ್ನೂ ಮನಸ್ಸಿಟ್ಟು ಮಾಡಿದರೆ ಸಾಕು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು, ಇಂಗ್ಲಿಷ್ ಬಲ್ಲವರು ಬಾರದವರಿಗೆ ಅರ್ಥ ಹೇಳುತ್ತ, ಆ ಪರದೆಯ ದೃಶ್ಯವನ್ನು ಗಟ್ಟಿಯಾಗಿ ಓದಿರಿ. ಮುದುಕನ ಮಾತನ್ನು ಮನೆಯ ಯಜಮಾನರೇ ಓದಲಿ. ಪರದೆಯ ಹಿಂದಿನವಳ ಪಾತ್ರವನ್ನು ಯಜಮಾನಿತಿ ವಹಿಸಲಿ. ಶೆರಿಡನ್ನನು ಲೋಕಕ್ಕೆ ಕೊಡಬೇಕಾಗಿದ್ದ ಸಾಲಗಳನ್ನು ವಸೂಲು ಮಾಡುವವರು ಈಗ ಯಾರೂ ಉಳಿದಿಲ್ಲ. ಲೋಕವು ಆತನಿಗೆ ಕೊಡಬೇಕಾದ ಋಣವೊಂದು ಉಳಿದಿದೆ. ಅದು ಹೀಗೆ ನಗುವುದರಿಂದಲೇ ತೀರತಕ್ಕದ್ದು.